ಮೂಲೆ ಹುಡುಕುವ ಕೈ

"ಅಮ್ಮಾ, ಒಡೆಟ್ ಅಜ್ಜಿ ಯಾಕೆ ಮೇಜು ಒರೆಸ್ತಾನೇ ಇರ್ತಾಳೆ? ಅಲ್ಲಿ ಏನೂ ಚೆಲ್ಲಿರ್ಲಿಲ್ಲ."

ಫೀನ್ ಇದನ್ನು ಕೇಳಿದ್ದು ಏಪ್ರಿಲ್ ತಿಂಗಳ ಒಂದು ಬುಧವಾರ ಮಧ್ಯಾಹ್ನ. ಬುಧವಾರ ಶಾಲೆ ಅರ್ಧ ದಿನವಷ್ಟೇ. ಪಕ್ಕದ ಒಡೆಟ್‌ಳ ಮನೆಯಲ್ಲಿ ಕಂದುಸಕ್ಕರೆ ಹಚ್ಚಿದ ಬ್ರೆಡ್ ತಿಂದು ಅಂಟು ಬಾಯಿಯಲ್ಲೇ ಬಂದಿದ್ದಳು. ನಾನು ಸೂಪಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಐದು ವರ್ಷದ ಮಗು ಕತೆ ಕಟ್ಟುವುದಿಲ್ಲವೆಂದೇನೂ ಅಲ್ಲ, ಆದರೆ ಇಂಥದ್ದನ್ನು ಕಟ್ಟುವುದಿಲ್ಲ. ಸಂಜೆ ತಟ್ಟೆ ಹಿಂದಿರುಗಿಸುವ ನೆವದಲ್ಲಿ ನಾನೇ ಹೋದೆ.

ನಿಜವೇ. ಒಡೆಟ್ ಕಾಫಿ ಮುಂದಿಟ್ಟುಕೊಂಡು ಗಂಡ ರೆಮಿಯ ಜೊತೆ ಆಲೂಗಡ್ಡೆಯ ಬೆಲೆ ಮಾತಾಡುತ್ತಿದ್ದಳು. ಬಲಗೈ ಮಾತ್ರ ಆ ಮಾತಿಗೆ ಸೇರಿರಲಿಲ್ಲ. ಅದು ಮೇಜಿನ ಹಾಸಿನ ಮೇಲೆ ಎಡಕ್ಕೆ, ಕೆಳಕ್ಕೆ ಜಾರುತ್ತಿತ್ತು, ಅಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು, ಏನೂ ಸಿಗದೆ ಹಿಂದಕ್ಕೆ ಬರುತ್ತಿತ್ತು. ಮತ್ತೆ ಎಡಕ್ಕೆ, ಕೆಳಕ್ಕೆ. ಒರೆಸುವುದಲ್ಲ ಅದು. ಹುಡುಕುವುದು.

"ನೋಡು ಹಾನ್ನೆ," ಎಂದ ರೆಮಿ ನನ್ನ ಕಣ್ಣು ಎಲ್ಲಿದೆಯೆಂದು ಕಂಡು. "ಮಲಗಿದ್ರೂ ಇದೇ. ಹಾಸಿಗೇಲಿ ನನ್ನ ಪಕ್ಕೆ ಮೇಲೆಲ್ಲ ಮೂಲೆ ಹುಡುಕ್ತಾಳೆ. ನಂಗೂ ವಯಸ್ಸಾಯ್ತು, ಒತ್ತಿದ್ರೆ ಏನೂ ತೆರ್ಕೊಳ್ಳಲ್ಲ."

"ಬಾಯ್ಮುಚ್ಚು ರೆಮಿ," ಎಂದಳು ಒಡೆಟ್, ಕೈಯನ್ನು ತೊಡೆಯ ಕೆಳಗೆ ಸೇರಿಸಿ.

ನಮ್ಮ ಬೀದಿಯಲ್ಲಿ ಒಡೆಟ್ ಎಂದರೆ ಗಡಿಯಾರದವಳು. ಶುಕ್ರವಾರ ಸಂಜೆ ಊರಿನಲ್ಲಿ ಪಂದ್ಯಕ್ಕೆ ಪಾರಿವಾಳ ಸಾಕುವವರೆಲ್ಲ ಬುಟ್ಟಿಗಳಲ್ಲಿ ಹಕ್ಕಿಗಳನ್ನು ಹೊತ್ತುಕೊಂಡು 'ಮೂರು ಕಂಬ' ಎಂಬ ಬಿಯರಿನಂಗಡಿಯ ಹಿಂಗೋಣೆಗೆ ಬರುತ್ತಾರೆ. ಒಂದೊಂದು ಹಕ್ಕಿಯ ಕಾಲುಂಗುರವನ್ನೂ ಒಂದು ಪುಟ್ಟ ಹಲಗೆಯ ಮೇಲೆ ಹಿಡಿಯಬೇಕು, ಕಂಪ್ಯೂಟರು ಅದನ್ನು ಗುರುತಿಟ್ಟುಕೊಳ್ಳಬೇಕು. ರಾತ್ರಿ ಲಾರಿ ಅವನ್ನು ಗಡಿಯಾಚೆ ಫ್ರಾನ್ಸಿನೊಳಕ್ಕೆ ಒಯ್ದು ಬೆಳಗ್ಗೆ ಹಾರಬಿಡುತ್ತದೆ. ಮನೆ ಸೇರಿದ ಹಕ್ಕಿಯ ಹೊತ್ತನ್ನು ಗೂಡಿನ ಗಡಿಯಾರ ಹಿಡಿದಿಡುತ್ತದೆ. ಶನಿವಾರ ಸಂಜೆ ಆ ಗಡಿಯಾರಗಳನ್ನೆಲ್ಲ ಅದೇ ಕಂಪ್ಯೂಟರಿಗೆ ಸಿಕ್ಕಿಸಿ, ಯಾರ ಹಕ್ಕಿಗೆ ಎಷ್ಟು ವೇಗವೆಂದು ಲೆಕ್ಕ ಹಾಕಿಸಿ ಪಂದ್ಯ ನಡೆಸುವ ಕೇಂದ್ರಕ್ಕೆ ಕಳಿಸಬೇಕು. ಈ ಎರಡು ಸಂಜೆಗಳು ಒಡೆಟ್‌ಳವು. ವಾರದ ಮಿಕ್ಕ ದಿನಗಳು ಈ ಎರಡಕ್ಕೆ ಕಾಯುವ ದಿನಗಳು.

ಹುಡುಗಿಯಾಗಿದ್ದಾಗಲೇ ಆಕೆ ನದಿಯಾಚೆಯ ನಾರುಬಟ್ಟೆಯ ಕಾರ್ಖಾನೆಗೆ ಸೇರಿದ್ದಳು. ಮಗ್ಗದ ಮುಂದೆ ನಿಂತವಳು ಕೈಯನ್ನು ನೋಡುತ್ತ ನಿಲ್ಲುವಂತಿಲ್ಲ, ಕಣ್ಣು ನೂಲಿನ ಮೇಲಿರಬೇಕು. ಹಿಡಿ ಎಲ್ಲಿದೆಯೆಂದು ಕೈಗೇ ಗೊತ್ತಿರಬೇಕು. ಕಾರ್ಖಾನೆ ಮುಚ್ಚಿತು, ಆ ಕೈ ಹಾಗೇ ಉಳಿಯಿತು. ಪಾರಿವಾಳದ ಸಂಘಕ್ಕೆ ಕಂಪ್ಯೂಟರು ಬಂದಾಗ ಗಂಡಸರೆಲ್ಲ ಅದು ಕಚ್ಚೀತು ಎಂಬಂತೆ ದೂರ ನಿಂತಿದ್ದರಂತೆ. ಒಡೆಟ್ ಕುರ್ಚಿ ಎಳೆದು ಕೂತಳು. ಅಂದಿನಿಂದ ಆ ಕುರ್ಚಿ ಆಕೆಯದು. ಮಡಿಚುವ ಆ ಪುಟ್ಟ ಕಂಪ್ಯೂಟರು ವಾರದ ಮಿಕ್ಕ ದಿನ ಆಕೆಯ ಮನೆಯಲ್ಲೇ ಇರುತ್ತಿತ್ತು.

ಅಲ್ಲಿ ಆಕೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪರದೆಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಎದುರಿಗಿರುವವನ ಮುಖದ ಮೇಲೆ, ಬುಟ್ಟಿಯ ಮೇಲೆ. "ಏನ್ ಮೌರಿಟ್ಸ್, ಈ ಹೆಣ್ಣಿಗೆ ಕೆಮ್ಮು ಅಂತ ಕಾಣುತ್ತೆ, ಮನೇಲಿ ಬಿಡು." "ಇದು ನಿಂದಾ ನಿನ್ನ ಬಾವನದಾ?" ಎಂದು ಕೇಳುತ್ತಲೇ ಕೈ ತನ್ನ ಪಾಡಿಗೆ ಮೌಸು ಹಿಡಿದು ಪರದೆಯ ಎಡ ಕೆಳಮೂಲೆಯ ಗುಂಡಿಗೆ ಹೋಗಿ, ಮೇಲೇರಿ, ಬೇಕಾದ್ದನ್ನು ತೆರೆದು, ಮುಚ್ಚಿ, ಮುಂದಿನವನಿಗೆ ಸಿದ್ಧವಾಗಿರುತ್ತಿತ್ತು. ಪರದೆಯ ಮೇಲೆ ಬರೆದಿದ್ದ ಒಂದು ಪದವನ್ನೂ ಆಕೆ ಎಂದೂ ಓದಿರಲಿಲ್ಲ. ಓದುವ ಅಗತ್ಯವೇ ಬಿದ್ದಿರಲಿಲ್ಲ.

ಈ ವಸಂತದ ಹೊತ್ತಿಗೆ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಕಾಲ ಮುಗಿಯಿತು, ಇನ್ನು ಅದಕ್ಕೆ ಭದ್ರತೆಯ ಕಾವಲಿಲ್ಲ ಎಂಬ ಸುದ್ದಿ ಬಂತು. ಸಂಘದ ಅಧ್ಯಕ್ಷ ಆಕೀಲ್ ಹೆದರಿಕೊಂಡು ಕಂಪ್ಯೂಟರನ್ನು ಪೇಟೆಯ ಅಂಗಡಿಗೆ ಒಯ್ದು ಹೊಸದನ್ನು ಹಾಕಿಸಿಕೊಂಡು ಬಂದ. ಪಂದ್ಯಗಳ ಋತುವಿನ ಮೊದಲ ಶುಕ್ರವಾರ ಒಡೆಟ್ ಕುರ್ಚಿಯಲ್ಲಿ ಕೂತು ಎಂದಿನಂತೆ ಕೈ ಓಡಿಸಿದಳು. ಆಮೇಲೆ ಆದದ್ದನ್ನು ರೆಮಿ ಬೇಲಿಯ ಆಚೆಯಿಂದ ನನಗೆ ಹೇಳಿದ, ಸ್ವಲ್ಪ ನಗುತ್ತ, ಸ್ವಲ್ಪ ನಗದೆ.

"ಎಲ್ಲೋಯ್ತು?" ಎಂದಳಂತೆ ಒಡೆಟ್.

"ಏನು?"

"ಮೂಲೆ."

"ಮೂಲೆ ಎಲ್ಲಿಗ್ ಹೋಗುತ್ತೆ ಒಡೆಟ್? ನಾಲ್ಕಿದಾವಲ್ಲ," ಎಂದನಂತೆ ಆಕೀಲ್.

ನಾಲ್ಕಿದ್ದವು, ಯಾವುದರಲ್ಲೂ ಆ ಗುಂಡಿ ಇರಲಿಲ್ಲ. ಪರದೆಯ ತುಂಬ ಬಣ್ಣಬಣ್ಣದ ಚೌಕಗಳು, ಒಂದರಲ್ಲಿ ಹವಾಮಾನ, ಒಂದರಲ್ಲಿ ಯಾರದೋ ಸಮುದ್ರತೀರ. ಕೈ ಬಲ ಅಂಚಿಗೆ ತಗುಲಿದರೆ ಒಂದು ಪಟ್ಟಿ ಹೊರಗೆ ಬರುತ್ತಿತ್ತು, ಹಿಡಿಯಲು ಹೋದರೆ ಒಳಗೆ ಓಡುತ್ತಿತ್ತು. ಹಕ್ಕಿಗಳು ಬುಟ್ಟಿಯಲ್ಲಿ ಗೊಣಗುತ್ತಿದ್ದವು. ಹೊರಗಿನಿಂದ ಲಾರಿಯ ಚಾಲಕ ಬಾಗಿಲಲ್ಲಿ ತಲೆ ಹಾಕಿ, "ನನ್ ಲಾರೀಲಿ ಹಕ್ಕಿಗೆ ನೀರಿದೆ, ನಂಗಿಲ್ಲ. ಇನ್ನೂ ಎಷ್ಟೊತ್ತು?" ಎಂದ. ಹಿಂದಿನಿಂದ ಮೌರಿಟ್ಸ್, "ಒಡೆಟ್, ನಾನೇ ಸೈಕಲ್ಲಲ್ಲಿ ಫ್ರಾನ್ಸಿಗೆ ಹೋಗಿ ಬಿಟ್ಬರ್ಲಾ?" ಎಂದ. ಎಲ್ಲರೂ ನಕ್ಕರು. ಕೊನೆಗೆ ಉಂಗುರದ ಸಂಖ್ಯೆಗಳನ್ನೆಲ್ಲ ಪೆನ್ನಿನಲ್ಲಿ ಬರೆದು ಕಳಿಸಿದರು. ಲಾರಿ ತಡವಾಗಿ ಹೊರಟಿತು. ಅಂದಿನಿಂದ ಆ ಕೈಗೆ ನೆಲೆಯಿಲ್ಲ.

ನಾನು ಪೇಟೆಯ ಹಲ್ಲಿನ ಡಾಕ್ಟರ ಬಳಿ ಮುಂಗೋಣೆಯಲ್ಲಿ ಕೂತು ಕೆಲಸ ಮಾಡುವವಳು. ನಮ್ಮಲ್ಲೂ ಈ ಚೌಕಗಳು ಬಂದಿದ್ದವು, ಬೈದುಕೊಂಡೇ ಒಗ್ಗಿಕೊಂಡಿದ್ದೆ. ಆ ಬುಧವಾರ ತಟ್ಟೆ ಕೊಟ್ಟವಳು ಅಲ್ಲೇ ಕೂತು, "ಒಡೆಟ್, ಏನನ್ನೂ ಹುಡುಕಬೇಡಿ. ಬೇಕಾದ್ದರ ಹೆಸರನ್ನ ಟೈಪ್ ಮಾಡಿ, ಅದೇ ಬರುತ್ತೆ," ಎಂದೆ.

"ಹೆಸರು ಹಿಡಿದು ಕರೀಬೇಕಾ? ಮನೆ ನಾಯಿ ಕರೀದೇನೇ ಬರುತ್ತೆ ಕಣೇ."

"ಎರಡು ವಾರದಲ್ಲಿ ಅಭ್ಯಾಸ ಆಗುತ್ತೆ."

"ಎರಡು ವಾರ ಕಾಯ್ರಿ ಅಂತ ಹಕ್ಕಿಗಳಿಗೆ ಯಾರು ಹೇಳ್ತಾರೆ?" ಆಕೆ ಎದ್ದು ತಟ್ಟೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. "ಏಪ್ರಿಲ್ ಬಂತು ಅಂದ್ರೆ ಇವನು ಗೂಡಿನ ಹಲಗೆಗೆ ಒಂದು ಮೊಳೆ ಹೊಡಿಯೋಕೂ ಬಿಡಲ್ಲ ನನ್ನ. ಹಕ್ಕಿಗೆ ಗೊಂದಲ ಆಗುತ್ತಂತೆ, ಚಾವಣಿ ಮೇಲೆ ಕೂತು ಹೊತ್ತು ಕಳೀತಾವಂತೆ. ಈ ಚೌಕ ಮಾಡಿದವ್ರಿಗೆ ಏಪ್ರಿಲ್ ಅಂದ್ರೇನು ಅಂತ್ಲೇ ಗೊತ್ತಿಲ್ಲ."

ರಾತ್ರಿ ನನ್ನ ಗಂಡ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಹಳೆಯ ಗುಂಡಿಯನ್ನು ಅದೇ ಮೂಲೆಗೆ ತಂದು ಕೂರಿಸುವ ಚಿಕ್ಕ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಲೋಕದಲ್ಲಿ ಒಡೆಟ್ ಒಬ್ಬಳೇ ಅಲ್ಲ ಎಂದ ಅವನು. ಮರುದಿನ ಫೀನಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಅದನ್ನು ಹಾಕಿಕೊಟ್ಟೆ. ಒಡೆಟ್ ಕೈ ಓಡಿಸಿದಳು. ಎಡಕ್ಕೆ, ಕೆಳಕ್ಕೆ. ತೆರೆಯಿತು. ಮೌಸಿನ ಮೇಲಿಂದ ಕೈ ತೆಗೆದು ನನ್ನ ಕೆನ್ನೆ ಮುಟ್ಟಿದಳು, ಆಮೇಲೆ ಫೀನಳ ಕೆನ್ನೆ. ಆ ಶುಕ್ರವಾರ, ಶನಿವಾರ ಎರಡೂ ಹಳೆಯ ದಿನಗಳಂತೆ ಕಳೆದವು. ಸಂಜೆಯ ಕಾಫಿಯ ಹೊತ್ತಿಗೆ ಕೈ ಬಟ್ಟಲ ಪಕ್ಕ ಬೆಕ್ಕಿನ ಹಾಗೆ ಮಲಗಿತ್ತು.

ಆಮೇಲಿನ ತಪ್ಪು ಪಾರಿವಾಳದವರೇ ಮಾಡಬಲ್ಲಂಥದು.

ಹೊಸ ಗೂಡಿಗೆ ತಂದ ಹಕ್ಕಿಯನ್ನು ಕೂಡಲೇ ಹೊರಗೆ ಬಿಡುವುದಿಲ್ಲ. ಮುಚ್ಚಿಟ್ಟು, ಬೆಚ್ಚಗಿಟ್ಟು, ಮುಟ್ಟದೆ, ಈ ಮನೆ ತನ್ನದೆಂದು ಅದಕ್ಕೆ ಅನ್ನಿಸುವ ತನಕ ಕಾಯುತ್ತಾರೆ. ಕಂಪ್ಯೂಟರಿಗೂ ಹಾಗೇ ಮಾಡು ಎಂದ ರೆಮಿ. ತಮಾಷೆಗೆ ಹೇಳಿದನೋ ಏನೋ. ಒಡೆಟ್ ತಮಾಷೆಯೆಂದುಕೊಳ್ಳಲಿಲ್ಲ. ಮೂಲೆ ಮರಳಿ ಬಂದಿದೆ, ಮುಟ್ಟಿ ಗಾಬರಿಪಡಿಸುವುದು ಬೇಡ ಎಂದು ಕಂಪ್ಯೂಟರನ್ನು ಆರಿಸದೆ, ವೈರು ಕೀಳದೆ, ಅಲಮಾರಿನ ಮೇಲಿಟ್ಟು ಹೂವಿನ ಕಸೂತಿಯ ಬಟ್ಟೆ ಮುಚ್ಚಿದಳು. ವಾರವಿಡೀ ಅದರ ಮುಂದೆ ದನಿ ತಗ್ಗಿಸಿ ಓಡಾಡಿದಳು. ಫೀನ್ ಹತ್ತಿರ ಹೋದರೆ, "ಶ್, ನೆಲೆ ಕಂಡ್ಕೊಳ್ತಾ ಇದೆ," ಎನ್ನುತ್ತಿದ್ದಳು.

ಬಟ್ಟೆಯ ಕೆಳಗೆ ಅದು ನೆಲೆ ಕಂಡುಕೊಳ್ಳುತ್ತಿರಲಿಲ್ಲ. ಹೀಗೆ ಎಡೆಬಿಡದೆ ಎಚ್ಚರವಿಡಲೆಂದೇ ಕಾದಿತ್ತೇನೋ, ಅಂತರ್ಜಾಲದಿಂದ ತನ್ನನ್ನು ತಾನೇ ಮತ್ತೊಮ್ಮೆ ಹೊಸದು ಮಾಡಿಕೊಂಡಿತ್ತು. ಶುಕ್ರವಾರ ಸಂಜೆ ಬಟ್ಟೆ ತೆಗೆದಾಗ ನಾನು ಹಾಕಿಕೊಟ್ಟ ಗುಂಡಿ ಮಾಯ. ಚೌಕಗಳೂ ಮೊದಲಿನ ಜಾಗದಲ್ಲಿರಲಿಲ್ಲ. ಆ ಸಂಜೆಯೂ ಪೆನ್ನು. ಲಾರಿ ಮತ್ತೆ ತಡ. ಈ ಸಲ ಮೌರಿಟ್ಸ್ ಸೈಕಲ್ಲಿನ ಮಾತು ಆಡಲಿಲ್ಲ, ಅದರಿಂದಲೇ ಒಡೆಟ್‌ಗೆ ಹೆಚ್ಚು ನೋವಾಯಿತೆಂದು ರೆಮಿ ಹೇಳಿದ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಆಕೀಲ್ ಆಕೆಯ ಅಡುಗೆಮನೆಗೆ ಬಂದ. ನಾನು ಅಲ್ಲೇ ಇದ್ದೆ, ಫೀನಳ ಸ್ವೆಟರಿನ ಅಳತೆ ಕೊಡಲು ಹೋಗಿದ್ದೆ. ಆಕೀಲ್ ಒಳ್ಳೆಯವನು, ಒಳ್ಳೆಯವರು ಕೆಟ್ಟ ಸುದ್ದಿ ಹೇಳಲು ಬಂದಾಗ ತುಂಬ ಹೊತ್ತು ಟೋಪಿ ತಿರುಗಿಸುತ್ತಾರೆ.

"ಒಡೆಟ್, ಓಸ್ಟ್ರೋವೆ ಸಂಘದವರು ಕೇಳ್ತಿದ್ದಾರೆ. ಬುಟ್ಟಿ, ಗಡಿಯಾರ, ಎಲ್ಲ ತಮ್ಮಲ್ಲೇ ತನ್ನಿ ಅಂತ. ಅವರ ಹತ್ರ ಇದು ಗೊತ್ತಿರೋರು ಇದಾರೆ."

"ಓಸ್ಟ್ರೋವೇಲಿ ಬಿಯರಿಗೆ ನೀರು ಹಾಕ್ತಾರೆ."

"ಅದು ಬೇರೆ ಮಾತು."

"ಏನ್ ಬೇರೆ?"

ಆಕೀಲ್ ಟೋಪಿ ಕೆಳಗಿಟ್ಟ. "ಬೂರ್ಜ್ ಪಂದ್ಯದ ತನಕ ನೋಡೋಣ. ಅವತ್ತು ಸಂಜೇನೇ ಲೆಕ್ಕ ಕೇಂದ್ರಕ್ಕೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಮುಂದಿನ ವಾರದಿಂದ ಓಸ್ಟ್ರೋವೆ. ನಂಗೂ ಇಷ್ಟ ಇಲ್ಲ. ಹಕ್ಕಿ ಬುಟ್ಟೀಲಿ ಒಣಗೋದನ್ನ ನೋಡಕಾಗಲ್ಲ."

ಬೂರ್ಜ್ ಎಂದರೆ ವರ್ಷದ ಮೊದಲ ದೊಡ್ಡ ಪಂದ್ಯ, ಮೇ ಕೊನೆಗೆ. ಆಕೀಲ್ ಹೋದ ಮೇಲೆ, ಆ ಗುಂಡಿಯನ್ನು ಮತ್ತೆ ಹಾಕಿಕೊಡುತ್ತೇನೆ ಎಂದೆ.

"ಬೇಡ," ಎಂದಳು ಒಡೆಟ್. "ಇನ್ನೊಂದ್ಸಲ ಕೊಟ್ಟು ಇನ್ನೊಂದ್ಸಲ ಕಿತ್ಕೊಳ್ಳೋದಾದ್ರೆ ಬೇಡ. ಅವತ್ತು ಶನಿವಾರಾನೇ ಕಿತ್ಕೊಂಡ್ರೆ?"

ನಾನು ಅಳತೆಯ ಚೀಟಿಯನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ.

ಆ ದಿನಗಳಲ್ಲಿ ಆಕೆ ಒಂದು ಕಡೆ ಕೂತದ್ದನ್ನು ನಾನು ನೋಡಲಿಲ್ಲ. ಕಿಟಕಿ ಉಜ್ಜಿದಳು, ಒಗೆದ ಪರದೆಗಳನ್ನು ಮತ್ತೆ ಒಗೆದಳು, ನಮ್ಮ ಪಾಲಿನ ಕಾಲುದಾರಿಯ ಹುಲ್ಲನ್ನೂ ಕಿತ್ತಳು. ನಡುನಡುವೆ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ನಿಂತು, ನಿಂತೇ, ಏನೋ ಒತ್ತಿ ಹೊರಗೆ ಬರುತ್ತಿದ್ದಳು, ಒಲೆಯ ಮೇಲಿನ ಹಾಲನ್ನು ನೋಡಿ ಬರುವವರ ಹಾಗೆ. "ಕೂತ್ಕೊಳ್ಳಿ," ಎಂದರೆ, "ಕೂತ್ರೆ ಕೈ ಹಳೇ ದಾರಿ ಹಿಡಿಯುತ್ತೆ, ನಿಂತ್ರೆ ಅದಕ್ಕೆ ದಾರಿ ತಪ್ಪುತ್ತೆ, ಆಗ ನನ್ನ ಮಾತು ಕೇಳುತ್ತೆ," ಎಂದಳು. ಒಂದು ದಿನ ಕಣ್ಣು ಕೆಂಪಗಿತ್ತು. ಈರುಳ್ಳಿ ಎಂದಳು. ಅಡುಗೆಮನೆಯಲ್ಲಿ ಈರುಳ್ಳಿಯ ವಾಸನೆ ಇರಲಿಲ್ಲ. ನಾನು ಕೂತು ಆಕೆಯ ಬಟಾಣಿ ಬಿಡಿಸಿಕೊಟ್ಟೆ.

ಬೂರ್ಜ್ ಪಂದ್ಯಕ್ಕೆ ಎಲ್ಲರೂ ಒಂದು ಗಂಟೆ ಮುಂಚೆಯೇ ಬುಟ್ಟಿ ತರಬೇಕೆಂದು ಆಕೆ ಹೇಳಿಕಳಿಸಿದಳು. ಗೊಣಗುತ್ತ ತಂದರು. ಶುಕ್ರವಾರದ ಕೆಲಸ ತೆವಳುತ್ತ ತೆವಳುತ್ತ ಹೇಗೋ ಮುಗಿಯಿತು, ಲಾರಿ ಹೊತ್ತಿಗೆ ಹೊರಟಿತು. ಆದರೆ ಉಂಗುರ ಗುರುತಿಸುವುದು ಪರದೆಯ ಮೇಲೆ ಒಂದೇ ಜಾಗದ ಕೆಲಸ. ಗಡಿಯಾರಗಳ ಲೆಕ್ಕಕ್ಕೆ ಹತ್ತು ಜಾಗ ಸುತ್ತಬೇಕು.

ಶನಿವಾರ ಮಧ್ಯಾಹ್ನ ಬೀದಿ ಉಸಿರು ಬಿಗಿಹಿಡಿದಿತ್ತು. ಹಕ್ಕಿ ಬರುವ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ತಂತಿಯ ಮೇಲೆ ಬಟ್ಟೆ ಬಿಡುವುದಿಲ್ಲ, ಹಾರಾಡುವ ಹಾಸಿಗೆಬಟ್ಟೆಗೆ ಅವು ಬೆದರುತ್ತವೆ. ಒದ್ದೆ ಬಟ್ಟೆಯ ಬುಟ್ಟಿ ಹಿಡಿದುಕೊಂಡೇ ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ರೆಮಿಯ ಮೊದಲ ಹಕ್ಕಿ ಕಲ್ಲೆಸೆದಂತೆ ಇಳಿಯಿತು. ಅವನು ಕೂಗಲಿಲ್ಲ, ಎರಡೂ ಕೈ ತಲೆಯ ಮೇಲಿಟ್ಟುಕೊಂಡ, ಅಷ್ಟೇ. ಒಡೆಟ್ ಹೊರಗೆ ಬರಲೇ ಇಲ್ಲ.

ಸಂಜೆ ನಾನೂ ಫೀನಳೂ ಹೋದೆವು, ಸಕ್ಕರೆ ಕಡುಬು ಕೊಂಡೊಯ್ಯುವ ನೆಪವಿತ್ತು. ಹಿಂಗೋಣೆಯಲ್ಲಿ ಗಂಡಸರು ಗಡಿಯಾರಗಳನ್ನು ಕಂಕುಳಲ್ಲಿ ಹಿಡಿದು ನಿಂತಿದ್ದರು. ಯಾರದು ಮೊದಲೆಂದು ತಿಳಿಯದೆ ಯಾರಿಗೂ ಬಿಯರು ಇಳಿಯುತ್ತಿರಲಿಲ್ಲ. ಒಡೆಟ್ ಕೂತಿರಲಿಲ್ಲ, ಕುರ್ಚಿಯನ್ನು ಗೋಡೆಗೆ ಸರಿಸಿ ನಿಂತಿದ್ದಳು. ಮೊದಲ ಗಡಿಯಾರ ಬಂತು, ಒಳಗೆ ಹೋಯಿತು. ಎರಡನೆಯದು, ಮೂರನೆಯದು. ಕೊನೆಯದೂ ಆಯಿತು. ಲೆಕ್ಕ ಹಾಕಿಸಲು ಕೈ ಚಾಚಿದಳು, ಅಭ್ಯಾಸ ಒಂದು ಕ್ಷಣ ಗೆದ್ದಿತು, ಕೈ ಎಡಕ್ಕೆ ಕೆಳಕ್ಕೆ ಓಡಿತು. ಎಲ್ಲ ಮಾಯವಾಗಿ ಪರದೆಯ ತುಂಬ ಯಾವುದೋ ಊರಿನ ಬಿಸಿಲು, ಮೋಡ, ನಾಳೆಯ ಗಾಳಿ.

ಯಾರೋ ಗಂಟಲು ಸರಿಮಾಡಿಕೊಂಡರು. ಆಕೀಲ್ ಮೆಲ್ಲಗೆ ಮುಂದೆ ಬಂದು ಮೌಸಿನ ಕಡೆ ಕೈ ನೀಡಿದ.

"ಕೈ ತೆಗಿ ಆಕೀಲ್."

"ಹೊತ್ತಾಗ್ತಿದೆ ಒಡೆಟ್."

"ನಿನ್ನ ಹಕ್ಕಿ ಚಾವಣಿ ಮೇಲೆ ಕೂತು ಒಳಗೆ ಬರ್ದೇ ಇದ್ರೆ ನಾನು ಬಂದು ಕಲ್ಲು ಹೊಡಿತೀನಾ?"

ಆಕೀಲ್ ಕೈ ಹಿಂದಕ್ಕೆ ತೆಗೆದುಕೊಂಡ. ಪಾರಿವಾಳದವರಿಗೆ ಇದಕ್ಕೆ ಎದುರು ಮಾತಿಲ್ಲ. ಚಾವಣಿಯ ಮೇಲೆ ಕೂತ ಹಕ್ಕಿಯ ಕೆಳಗೆ ಯಾರೂ ಕದಲುವುದಿಲ್ಲ, ಕೆಮ್ಮುವುದಿಲ್ಲ, ಎಷ್ಟೇ ಹೊತ್ತಾದರೂ.

ಒಡೆಟ್ ಕತ್ತಿಗೆ ನೇತುಹಾಕಿದ್ದ ಕನ್ನಡಕವನ್ನು ಏರಿಸಿದಳು. ಆ ಕೋಣೆಯಲ್ಲಿ ಆಕೆ ಕನ್ನಡಕ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿ ಪರದೆಯ ಮೇಲಿನ ಪದಗಳನ್ನು ಒಂದೊಂದಾಗಿ ಜೋರಾಗಿ ಓದತೊಡಗಿದಳು, ಹೊಸ ಶಾಲೆಗೆ ಸೇರಿದ ಮಗುವಿನ ಹಾಗೆ, ನಾಚಿಕೆಯಿಲ್ಲದೆ. "ಹವಾಮಾನ. ಇದಲ್ಲ. ಅಂಗಡಿ. ಇದು ಯಾರಿಗ್ ಬೇಕು. ಚಿತ್ರಗಳು. ಅಲ್ಲ." ಮೌರಿಟ್ಸ್, "ಅಗೋ, ಮೇಲ್ಗಡೆ," ಎನ್ನಹೋದ. "ನಂಗೆ ಕಣ್ಣಿದೆ ಮೌರಿಟ್ಸ್," ಎಂದಳು ತಿರುಗದೆ. ಫೀನ್ ನನ್ನ ಕಿವಿಯಲ್ಲಿ, "ಅಜ್ಜಿಗೆ ಓದೋಕೆ ಬರುತ್ತೆ," ಎಂದಳು. ಗೋಡೆಯ ಗಡಿಯಾರದ ಕಡೆ ನೋಡಬಾರದೆಂದುಕೊಂಡು ನಾನೂ ನೋಡಿದೆ, ಎಲ್ಲರೂ ನೋಡುತ್ತಿದ್ದರು.

"ಪಾರಿವಾಳ," ಎಂದು ಓದಿದಳು ಕೊನೆಗೆ. ಅಲ್ಲಿ ಒತ್ತಿದಳು. "ಲೆಕ್ಕ ಹಾಕು." ಒತ್ತಿದಳು. "ಕಳಿಸಬೇಕೆಂಬುದು ಖಚಿತವೇ?" ಎಂದು ಓದಿ, "ಇಲ್ದಿದ್ರೆ ನಿನ್ನ ಮುಖ ನೋಡೋಕೆ ನಿಂತಿದ್ದೀನಾ," ಎಂದು ಅದಕ್ಕೇ ಹೇಳಿ ಒತ್ತಿದಳು.

ಹೋಯಿತು. ಕೇಂದ್ರದಿಂದ ತಲುಪಿತೆಂಬ ಮಾತು ಬರುವ ತನಕ ಯಾರೂ ಕದಲಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಬಿಯರು ಎತ್ತಿದರು. ಮೊದಲನೆಯದು ಆಕೀಲನ ಹಕ್ಕಿಯೇ ಆಗಿತ್ತು, ರೆಮಿಯದು ಅದರ ಹಿಂದೆ. ಆಕೀಲ್ ತುಟಿ ಒರೆಸಿಕೊಂಡ. "ಮುಂದಿನ ವಾರ ಬುಟ್ಟಿ ಎಷ್ಟೊತ್ತಿಗೆ ತರ್ಲಿ?" ಎಂದ.

"ಈ ವಾರದ ಹಾಗೇ, ಒಂದ್ ಗಂಟೆ ಮುಂಚೆ," ಎಂದಳು ಒಡೆಟ್. ಅಲ್ಲಿಯವರೆಗೆ ಗೋಡೆಯ ಬಳಿಯಿದ್ದ ಕುರ್ಚಿಯನ್ನು ಎಳೆದು ಕೂತಳು. ಕಡುಬಿನ ಒಂದು ತುಂಡು ಕೈಗೆ ತೆಗೆದುಕೊಂಡಳು. ಸಕ್ಕರೆ ಮಡಿಲಿಗೆ ಉದುರಿತು.

ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ಬೀದಿಯ ತಂತಿಗಳ ಮೇಲೆಲ್ಲ ತಡವಾಗಿ ಹರವಿದ ಬಟ್ಟೆ ಹಾರುತ್ತಿತ್ತು. ರೆಮಿ ಮುಂದೆ ಫೀನಳನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ಹಕ್ಕಿ ಇಳಿದ ಪರಿಯನ್ನು ಅವಳಿಗೆ ಹೇಳುತ್ತಿದ್ದ. ಒಡೆಟ್ ಕಂಪ್ಯೂಟರನ್ನು ಎದೆಗವಚಿಕೊಂಡು ನನ್ನ ಪಕ್ಕದಲ್ಲಿ ವೇಗವಾಗಿ, ತುಂಬ ವೇಗವಾಗಿ ನಡೆಯುತ್ತಿದ್ದಳು, ನಿಂತರೆ ಅದು ಎಚ್ಚರಾದೀತು ಎಂಬಂತೆ. ತನ್ನ ಬಾಗಿಲ ಹತ್ತಿರ ಬಂದು ನಿಂತಳು. ಗಂಡ ಒಳಗೆ ಹೋಗುವ ತನಕ ಕಾದಳು.

"ಹಾನ್ನೆ, ಒಂದು ಉಪಕಾರ ಮಾಡ್ತೀಯಾ? ಗುರುವಾರ ಗುರುವಾರ, ಮಗೂನ ಶಾಲೆಗೆ ಬಿಟ್ಟು ಬರೋವಾಗ ಒಂದ್ ಗಳಿಗೆ ಒಳಗೆ ಬಾ. ಇದನ್ನ ತೆಗೆದು ನೋಡು, ವಾರದಲ್ಲಿ ಏನಾದ್ರೂ ಜಾಗ ಬಿಟ್ಟು ಕದಲಿದ್ಯಾ ಅಂತ. ನೀನು ಸರಿ ಮಾಡ್ಬೇಡ. ಎಲ್ಲಿಗೆ ಹೋಗಿದೆ ಅಂತ ತೋರಿಸಲೂ ಬೇಡ. ಕದಲಿದೆ ಅಂತ ಮಾತ್ರ ಹೇಳು, ಹುಡುಕೋದು ನಾನು ಹುಡುಕ್ತೀನಿ. ಶುಕ್ರವಾರ ಅವರೆಲ್ಲರ ಮುಂದೆ ನಿಂತ ಮೇಲೇ ನಂಗೆ ಗೊತ್ತಾಗೋ ಹಾಗಾಗ್ಬಾರ್ದು, ಅಷ್ಟೇ. ಆಕೀಲ್‌ಗೆ ಮಾತ್ರ ಹೇಳ್ಬೇಡ ಕಣೇ."